ಬೀಗರ ಎಲೆಯ ಮುದ್ದೆ

ಬೂದಿಗೆರೆ ಕಡೆ ಪಂಚಾಯ್ತಿಯ ಕಸದ ಗಾಡಿ ಓಡಿಸುವವಳು ನಾನು. ಕೆಲಸಕ್ಕೆ ಸೇರಿದ ಮೊದಲ ವಾರ, ಛತ್ರವೊಂದರ ಹಿಂದೆ ಎಂಜಲೆಲೆಯ ಮೂಟೆ ಬಿಚ್ಚಿದಾಗ ಒಳಗಿಂದ ರಾಗಿಮುದ್ದೆಗಳು ಉರುಳಿಕೊಂಡು ಬಂದವು. ಮುರಿದವಲ್ಲ, ಇಡೀ ಮುದ್ದೆಗಳು. ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಕಣದಲ್ಲಿ ಚೆಲ್ಲಿದ ಕಾಳನ್ನೂ ಗುಡಿಸಿ ಮೊರಕ್ಕೆ ತುಂಬಿಕೊಂಡು ಬೆಳೆದವಳು ನಾನು.

ನಮ್ಮ ಕಡೆ ಮದುವೆ ಮುಗಿದ ಮೇಲೆ ಹಾಕಿಸುವ ಬೀಗರೂಟದಲ್ಲಿ ಮುದ್ದೆ ದೊಡ್ಡದಾಗಿರಲೇಬೇಕು. ಪಕ್ಕದಲ್ಲಿ ಬಿರಿಯಾನಿ, ಚಾಪ್ಸು ಎಲ್ಲ ಇರುವಾಗ ಅದನ್ನು ಪೂರ್ತಿ ಉಣ್ಣುವ ಪುಣ್ಯಾತ್ಮ ಯಾರು? ಆದರೂ ಚಿಕ್ಕದು ಹಾಕಿದರೆ ಮರ್ಯಾದೆ ಹೋಯಿತು. ಊಟ ಪೋಲು ಮಾಡಬಾರದೆಂದು ಪಂಚಾಯ್ತಿಯ ತರಬೇತಿಯಲ್ಲಿ ಕಲಿತದ್ದನ್ನು ಮನೆಮನೆಗೆ, ಶಾಲೆಗೆ ಹೋಗಿ ಹೇಳಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಜಗಳವಾಡಿದೆ. ಕೊನೆಗೆ ನಿರ್ಣಯವೂ ಆಯಿತು: ಔತಣಗಳಲ್ಲಿ ಚಿಕ್ಕ ಮುದ್ದೆ ಬಡಿಸಬೇಕು, ಬೇಕೆಂದವರಿಗೆ ಇನ್ನೊಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಲಿಸಿದವರು ಒಬ್ಬರೂ ಇಲ್ಲ.

ಹಾಗಾಗಿ ಹೋದ ವರ್ಷ ಮಗಳ ಮದುವೆಯಾದಾಗ, ನಮ್ಮ ಮನೆಯ ಬೀಗರೂಟದಲ್ಲೇ ಮಾಡಿ ತೋರಿಸೋಣ ಎಂದುಕೊಂಡೆ. ಕಿತ್ತಳೆಹಣ್ಣಿನಷ್ಟು ಕಟ್ಟಿದರೆ ಸಾಕೆಂದು ಅಡುಗೆಯವರಿಗೆ ಹೇಳಿದೆ.

ಮೊದಲ ಪಂಕ್ತಿ ಕೂತಿತು. ಅಳಿಯನ ತಂದೆ ಎಲೆ ನೋಡಿದರು, ಕೈ ಹಾಕಲಿಲ್ಲ.

"ಏನ್ರಮ್ಮಾ, ಕೂಸಿಗೆ ಉಣ್ಸೋ ಮುದ್ದೆ ಹಾಕ್ಸಿದೀರಾ? ನಿಮ್ಮನೇಲಿ ರಾಗಿಗೂ ಬರನಾ?"

"ಎಷ್ಟು ಬೇಕಾದ್ರೂ ಹಾಕಿಸ್ತೀನಿ ಬೀಗ್ರೇ, ನೀವು ಕೇಳಿದ್ರೆ..."

"ಕೇಳ್ಕೊಂಡು ಉಣ್ಣೋಕೆ ಬಂದಿದೀವಾ ನಾವು?"

ಅವರು ಎದ್ದೇಬಿಟ್ಟರು. ಅವರ ಹಿಂದೆ ಸಾಲು ಸಾಲಾಗಿ ಅವರ ಕಡೆಯವರೂ ಎದ್ದರು. ಒಂದು ಮುದ್ದೆಗೆ ಹೀಗಾಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮಗಳು ಬಂದು ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಮ್ಮಾ, ನಿನ್ ಪಾಠ ಪಂಚಾಯ್ತೀಲಿ ಇಟ್ಕೋ. ಆ ಮನೇಲಿ ಬಾಳ್ಬೇಕಾದೋಳು ನಾನು."

ಎರಡೆರಡು ಸೇರಿಸಿ ಒಂದು ಕಟ್ಟಿ ಎಂದು ಅಡುಗೆಯವರಿಗೆ ನಾನೇ ಹೇಳಿದೆ. ಬೀಗರನ್ನು ಕೈಮುಗಿದು ಕರೆತಂದು, ಅವರ ಎಲೆಗೆ ನನ್ನ ಕೈಯಾರೆ ಬಡಿಸಿದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನಮ್ಮೂರಿನವರೇ ಯಾರೋ ನಕ್ಕರು. ಬೀಗರು ಬಿರಿಯಾನಿ ಉಂಡು, ಸಂತೋಷವಾಗಿ ಎದ್ದು ಹೋದರು. ಮುದ್ದೆಗೆ ಅವರ ಬೆರಳೂ ತಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ಮನೆಯ ಎಂಜಲೆಲೆಗಳನ್ನು ನಾನೇ ಗಾಡಿಗೆ ತುಂಬುತ್ತಿದ್ದೆ. ಆಗ ಗಂಡನ ಮನೆಯಿಂದ ಮಗಳ ಫೋನು ಬಂತು.

"ಅಮ್ಮಾ, ಮಾವ ಊರಿಗೆಲ್ಲ ಹೇಳ್ಕೊಂಡು ಬರ್ತಿದಾರೆ, ನಮ್ ಬೀಗ್ರು ಎಲೆ ತುಂಬ ಬಡಿಸಿದ್ರು ಅಂತ."

ನನಗೆ ಖುಷಿಯಾಯಿತು. ಕಾಲ ಬಳಿ ಅಷ್ಟೊಂದು ಮುದ್ದೆ ಬಿದ್ದಿರುವಾಗ ಖುಷಿಯಾಯಿತಲ್ಲ ನನಗೆ ಎಂದು ಹೊಳೆದಾಗ, ಗಾಡಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.