ಅವನು ಪಾಚಿ ಅಂದ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕಲಾವಿದೆ ಎಂದು ಕರೆಯುತ್ತಿದ್ದರು. ಹಾಡು ಬರುತ್ತದೆ, ಚಿತ್ರ ಬರೆಯುತ್ತಾಳೆ ಅಂತಲ್ಲ. ಕಲೆ ತೆಗೆಯುವ ಮೇಜು ಅವಳದು. ಎಣ್ಣೆಯ ಕಲೆ, ಶಾಯಿಯ ಕಲೆ, ತುಕ್ಕಿನ ಕಲೆ, ಯಾವುದು ಬಂದರೂ ಮೊದಲು ಅವಳ ಕೈಗೆ. "ನಮ್ಮಲ್ಲಿರೋಳು ಒಬ್ಬಳೇ ಕಲಾವಿದೆ, ಇವಳು ಮುಟ್ಟಿದ್ರೆ ಕಲೆ ಉಳಿಯಲ್ಲ" ಎಂದು ಮಾಲೀಕ ಗಿರಾಕಿಗಳ ಮುಂದೆ ಹೇಳಿ, ತನ್ನ ಜೋಕಿಗೆ ತಾನೇ ನಗುತ್ತಿದ್ದ.

ಕಲೆ ಕಂಡರೆ ತೆಗೆಯುವ ಆ ಚಾಳಿ ಲಾಂಡ್ರಿಯ ಬಾಗಿಲಲ್ಲಿ ಬಿಟ್ಟು ಬರುವಂಥದ್ದಲ್ಲ. ಮನೆಯಲ್ಲಿ ಸ್ವಿಚ್ಚಿನ ಸುತ್ತ ಬೆರಳಿನ ಗುರುತು ಕಂಡರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಗಂಡನಾದರೋ ಹೊಲಿಗೆ ಮೆಷಿನ್ ರಿಪೇರಿಯವನು. ಕೈ, ಅಂಗಿ, ಕೂತ ಕುರ್ಚಿ, ಎಲ್ಲಾ ಜಿಡ್ಡು. ಇವರಿಬ್ಬರನ್ನೂ ಗಂಟು ಹಾಕಿದವರಿಗೆ ಎಂಥ ತಮಾಷೆಯ ಬುದ್ಧಿಯಿತ್ತೋ! ಆದರೂ ಸಂಸಾರ ಚೆನ್ನಾಗಿಯೇ ನಡೆದಿತ್ತು, ಯಾಕೆಂದರೆ ಅವನು ವಾದಕ್ಕೆ ಇಳಿಯುವವನಲ್ಲ. ಅವಳು ಎಷ್ಟೇ ಸಿಡಿಮಿಡಿಗೊಂಡರೂ "ಆಯ್ತು ಕಣೇ, ಮಮ್ಮು ಹಾಕು" ಎಂದು ತಟ್ಟೆಯ ಮುಂದೆ ಕೂತುಬಿಡುತ್ತಿದ್ದ. ಮಗಳು ಚಿಕ್ಕವಳಿದ್ದಾಗ ನಾಲಿಗೆಗೆ ಹತ್ತಿದ ಮಾತು ಅದು. ಆ ಮಗಳು ಮದುವೆಯಾಗಿ ಬೇರೆ ಊರು ಸೇರಿದ ಮೇಲೂ ಅವನಿಗೆ ಊಟವೆಂದರೆ ಮಮ್ಮು, ಹೊರಗೆ ಹೊರಟರೆ ಟಾಟಾ. "ಗಿರಾಕಿಗಳ ಎದುರಿಗಾದ್ರೂ ದೊಡ್ಡೋರ ಹಾಗೆ ಮಾತಾಡಿ" ಎಂದು ಅವಳು ಗದರಿಕೊಳ್ಳುವುದೂ ನಡೆದೇ ಇತ್ತು.

ಇಡೀ ಮನೆಯಲ್ಲಿ ಅವಳ ಒರೆಸುವ ಬಟ್ಟೆಗೆ ಸಿಗದ ಜಾಗವೆಂದರೆ ಕಿಟಕಿ ಪಕ್ಕದ ಮೀನಿನ ತೊಟ್ಟಿ. ಅದರಲ್ಲಿ ಆರು ಪುಟ್ಟ ಮೀನುಗಳಿದ್ದವು, ಅಕ್ವೇರಿಯಂ ಅಂಗಡಿಯವನು ಓಟೋ ಎನ್ನುವ ಜಾತಿ. ಕಿರುಬೆರಳಿನಷ್ಟೂ ಉದ್ದವಿಲ್ಲ, ಕಂದು ಮೈ, ಪಕ್ಕದಲ್ಲೊಂದು ಕಪ್ಪು ಗೆರೆ, ದಿನವಿಡೀ ಬಾಯಿ ಊರಿ ಗಾಜಿಗೆ ಅಂಟಿಕೊಂಡಿರುತ್ತಿದ್ದವು. "ಹೆಸರು ಓಟೋ, ಓಡೋದು ಮಾತ್ರ ನಾನು ಕಾಣೆ" ಎಂದು ಅವಳು ಕೊಂಕು ಆಡುತ್ತಿದ್ದಳು. ತೊಟ್ಟಿಯ ಹಿಂದಿನ ಗಾಜಿಗೆ ಹಸಿರು ಪಾಚಿ ಹಿಡಿದಿತ್ತು. ಅದನ್ನು ಕಂಡಾಗೆಲ್ಲ ಅವಳ ಕೈ ತುರಿಸುತ್ತಿತ್ತು. "ನಾಳೆ ಉಜ್ತೀನಿ ಬಿಡೇ" ಎಂದು ಅವನು ಜಾರಿಕೊಳ್ಳುತ್ತಿದ್ದ. ಆ ನಾಳೆ ವರ್ಷಗಟ್ಟಲೆ ಬರಲಿಲ್ಲ. ಪಾಚಿ ಯಾಕೆ ಇರಬೇಕು ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೆಲಸ ಮುಗಿಸಿ ಅವನು ಅದರ ಮುಂದೆ ಕೂತನೆಂದರೆ ಕರೆದರೂ ಕಿವಿಗೆ ಬೀಳದು. ಅವಳು ತೊಟ್ಟಿಗೆ ಸವತಿ ಎಂದು ಹೆಸರಿಟ್ಟಿದ್ದಳು. ತಮಾಷೆಗೇ ಇಟ್ಟದ್ದು, ಆದರೆ ಒಳಗೆ ಒಂದಿಷ್ಟು ಉರಿಯೂ ಇತ್ತು.

ಒಂದು ಮಧ್ಯಾಹ್ನ ಅವನು ಮೆಷಿನ್ನಿನ ಮೇಲೆಯೇ ಕುಸಿದುಬಿದ್ದ. ಬಲಗಡೆ ಪೂರ್ತಿ ಸ್ವಾಧೀನ ತಪ್ಪಿತು, ಮಾತು ನಿಂತುಹೋಯಿತು. ಆಸ್ಪತ್ರೆಯಲ್ಲಿ ಸರಿಯಿದ್ದ ಎಡಗೈಗೆ ಡ್ರಿಪ್ ಹಾಕಿ, ಕಿತ್ತುಕೊಳ್ಳದಿರಲಿ ಎಂದು ಅದನ್ನೂ ಮಂಚಕ್ಕೆ ಕಟ್ಟಿದರು. ಅವಳು ಪಕ್ಕದ ಸ್ಟೂಲಿನಿಂದ ಏಳಲಿಲ್ಲ. ಮಗಳು ಬಂದು "ಸ್ವಲ್ಪ ಮನೆಗೆ ಹೋಗಿ ಬಾಮ್ಮ, ನಾನಿದೀನಲ್ಲ" ಎಂದು ಗೋಗರೆದರೂ ಕೇಳಲಿಲ್ಲ. ಕಣ್ಣು ಕೆಂಡದಂತಾಗಿದ್ದವು. ಕಣ್ಣು ಮುಚ್ಚಿದ ಗಳಿಗೆಯಲ್ಲೇ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ ಅವಳಿಗೆ.

ಹಾಗೆ ಕೂತಿದ್ದಾಗ ಅವನ ತುಟಿ ಅಲುಗಿತು. ಅವಳು ಕಿವಿಯನ್ನು ಬಾಯಿಯ ಹತ್ತಿರ ತಂದಳು.

"ಪಾ... ಚಿ."

"ಏನಂದ್ರಿ?"

"ಪಾಚಿ" ಎಂದ ಅವನು, ಅವಳನ್ನೇ ನೋಡುತ್ತಾ.

ನರ್ಸಮ್ಮ ಓಡಿ ಬಂದಳು, ಡಾಕ್ಟರು ಬಂದರು, ಮಾತು ಬಂತು, ಒಳ್ಳೆಯ ಲಕ್ಷಣ ಎಂದರು. ಅವಳೂ ಅತ್ತು ನಕ್ಕಳು. ಆದರೆ ಎದೆಯ ಮೂಲೆಯಲ್ಲಿ ಏನೋ ಚುಚ್ಚಿತು. ಸಾವಿನ ಬಾಯಿಂದ ತಿರುಗಿ ಬಂದ ಗಂಡಸು ಹೆಂಡತಿಯನ್ನು ಕರೆಯಲಿಲ್ಲ, ಮಗಳನ್ನು ಕರೆಯಲಿಲ್ಲ, ಮೊದಲು ನೆನೆದದ್ದು ಸವತಿಯನ್ನು! ಅವಳಿಗೆ ಅವಮಾನವೇ ಆಯಿತು. ಆಮೇಲೆ ತನ್ನನ್ನೇ ಬೈದುಕೊಂಡಳು. ಪಾಪ, ಹೇಳಿದ ಕೆಲಸ ಉಳಿದುಹೋಯಿತಲ್ಲ ಎಂದು ಕೊರಗುತ್ತಿದ್ದಾರೆ, ಆ ನಾಳೆ ಈಗ ಬಂದಿದೆ, ಅಷ್ಟೇ ತಾನೆ. "ನಾನು ಉಜ್ತೀನಿ ರೀ, ಯೋಚ್ನೆ ಮಾಡ್ಬೇಡಿ" ಎಂದಳು. ಅವನು ತಲೆ ಆಡಿಸಿದ. ಹೌದೆಂದನೋ ಅಲ್ಲವೆಂದನೋ, ದಿಂಬಿನ ಮೇಲೆ ಒರಗಿದ ತಲೆಯಲ್ಲಿ ಗೊತ್ತಾಗಲಿಲ್ಲ.

ಅಂದೇ ಮಗಳನ್ನು ಕೂರಿಸಿ ಮನೆಗೆ ಬಂದಳು. ಬಂದವಳು ಕೈಕಾಲು ತೊಳೆದು ಹಾಸಿಗೆಯ ಕಡೆ ಹೋಗಬಹುದಿತ್ತು. ಹೋಗಲಿಲ್ಲ, ಸೆರಗು ಸಿಕ್ಕಿಸಿ ತೊಟ್ಟಿ ತೊಳೆಯಲು ನಿಂತಳು. ಮೀನುಗಳನ್ನು ಪಾತ್ರೆಗೆ ಹಾಕಿ, ಹಳೆ ನೀರೆಲ್ಲ ಚೆಲ್ಲಿ, ಗಾಜನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ಮೂಲೆ ಬಿಡದೆ ತಿಕ್ಕಿದಳು. ಕಲ್ಲುಗಳನ್ನು ಕುದಿಸಿದಳು. ಫಿಲ್ಟರಿನ ಸ್ಪಂಜನ್ನು ಕಪ್ಪು ನೀರು ನಿಲ್ಲುವವರೆಗೂ ನಲ್ಲಿಯ ಕೆಳಗೆ ಹಿಂಡಿದಳು. ಸೋಪು ಮಾತ್ರ ಹಾಕಲಿಲ್ಲ, ಅಷ್ಟು ತಿಳಿವಳಿಕೆ ಅವಳಿಗಿತ್ತು. ನಲ್ಲಿಯ ಹೊಸ ನೀರು ತುಂಬಿದಾಗ ತೊಟ್ಟಿ, ಗಾಜು ಇದೆಯೋ ಇಲ್ಲವೋ ಎಂಬಂತೆ ಹೊಳೆಯಿತು. ಬಹಳ ದಿನಗಳ ಮೇಲೆ ಅವಳಿಗೆ ನೆಮ್ಮದಿಯಾಯಿತು.

ಮರುದಿನ ಒಂದು ಮೀನು ಅಂಗಾತ ತೇಲುತ್ತಿತ್ತು. ಹೊಸ ನೀರಿಗೆ ಒಗ್ಗಲಿಲ್ಲವೇನೋ ಎಂದುಕೊಂಡಳು. ಇನ್ನೊಂದು ಹೋಯಿತು. ಉಳಿದವು ಗಾಜಿನ ಮೇಲೆ ಅಲ್ಲಿಂದಿಲ್ಲಿಗೆ ಬಾಯಿ ಊರುತ್ತಾ, ಏನನ್ನೋ ಹುಡುಕುತ್ತಾ ಅಲೆಯುತ್ತಿದ್ದವು. ಓಡುವುದನ್ನೇ ಕಾಣೆ ಎಂದಿದ್ದಳಲ್ಲ, ಈಗ ಓಡುತ್ತಿದ್ದವು. ಅವಳು ಮೀನಿನ ಕಾಳು ಹಾಕಿದಳು, ಮೂಸಿಯೂ ನೋಡಲಿಲ್ಲ. ಮೂರನೆಯದು ಹೋದಾಗ ಅಕ್ವೇರಿಯಂ ಅಂಗಡಿಗೆ ಓಡಿದಳು.

"ಹೊಟ್ಟೆ ಹೇಗಿದೆ, ಉಬ್ಬಿದೆಯಾ, ಒಳಗೆ ಹೋಗಿದೆಯಾ?" ಎಂದು ಕೇಳಿದ ಅಂಗಡಿಯವನು.

"ಬೆನ್ನಿಗೇ ಅಂಟಿದೆಯಪ್ಪಾ."

"ತೊಟ್ಟಿ ಏನಾದ್ರೂ ಕ್ಲೀನ್ ಮಾಡಿದ್ರಾ?"

ಅವಳು ಮಾಡಿದ್ದನ್ನೆಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅವನ ಮುಖ ನೋಡಿ ಅವಳ ದನಿ ಇಳಿಯಿತು.

"ಅಯ್ಯೋ ಅಕ್ಕಾ" ಎಂದ ಅವನು. "ಪಾಚಿನೇ ಅವುಗಳ ಊಟ. ಅಣ್ಣ ಅದಕ್ಕೇ ಗಾಜು ಮುಟ್ತಿರ್ಲಿಲ್ಲ. ನಲ್ಲಿ ನೀರಿನ ಔಷಧಿ ಬೇರೆ ಅವಕ್ಕೆ ಆಗಲ್ಲ. ನೀವು ಮನೇನೂ ಬದಲಾಯಿಸಿ, ಅಡುಗೆಮನೇನೂ ತೊಳೆದುಬಿಟ್ರಿ."

ಹಾಗಾದರೆ ಗಂಡ ಪಾಚಿ ಅಂದದ್ದು ಉಜ್ಜು ಅಂತಲ್ಲ, ಮುಟ್ಟಬೇಡ ಅಂತ! ನಾಲಿಗೆಯಲ್ಲಿ ಉಳಿದಿದ್ದ ಒಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದು ಆ ಜೀವಗಳನ್ನು ಕಾಯಲು ನೋಡಿದ್ದಾನೆ. ತಾನು ಅದೇ ಮಾತು ಹಿಡಿದು ಅವನ್ನು ಕೊಂದೆ. ರಸ್ತೆಯಲ್ಲಿ ನಡೆಯುತ್ತಾ ಅವಳಿಗೆ ತನ್ನ ಕೈಗಳನ್ನು ಕಂಡರೆ ಹೇಸಿಗೆಯಾಯಿತು.

ಅಂದಿನಿಂದ ಆಸ್ಪತ್ರೆಗೆ ಹೋಗುವುದೇ ಒಂದು ಶಿಕ್ಷೆ. ಡ್ರಿಪ್ ತೆಗೆದಿದ್ದರು, ಅವನನ್ನು ಒರಗಿಸಿ ಕೂರಿಸುತ್ತಿದ್ದರು, ಆದರೆ ಮಾತು ಮಾತ್ರ ಆ ಒಂದರಿಂದ ಮುಂದಕ್ಕೆ ಹೋಗಿರಲಿಲ್ಲ. ಅವಳು ಹೋಗಿ ಕೂತ ಸ್ವಲ್ಪ ಹೊತ್ತಿಗೆ ಅವಳ ಮುಖ ದಿಟ್ಟಿಸಿ "ಪಾಚಿ" ಎನ್ನುತ್ತಿದ್ದ. "ಚೆನ್ನಾಗಿವೆ ರೀ, ಎಲ್ಲಾ ಚೆನ್ನಾಗಿವೆ" ಎಂದು ಅವಳು ತಟ್ಟನೆ ಹೊದಿಕೆ ಸರಿಮಾಡಲು ಬಗ್ಗುತ್ತಿದ್ದಳು. ಅವನು ಎಡಗೈ ಎತ್ತಿ ಏನೋ ಹೇಳಹೊರಟರೂ ಅವಳು ತಲೆ ಎತ್ತುತ್ತಿರಲಿಲ್ಲ. ಆ ಕಣ್ಣುಗಳನ್ನು ನೋಡುವ ಧೈರ್ಯ ಅವಳಿಗೆ ಉಳಿದಿರಲಿಲ್ಲ.

ಮನೆಯಲ್ಲಿ ಅವಳು ಹುಟ್ಟಿದಾಗಿನಿಂದ ಮಾಡದ ಕೆಲಸಕ್ಕೆ ಕೈಹಾಕಿದಳು: ಕೊಳೆ ಬೆಳೆಸುವುದು. ಅಂಗಡಿಯವನು ಹೇಳಿಕೊಟ್ಟಂತೆ ತಾರಸಿಯ ಬಿಸಿಲಲ್ಲಿ ಬಕೆಟ್ಟುಗಳನ್ನಿಟ್ಟು, ನೀರಲ್ಲಿ ಕಲ್ಲು ಮುಳುಗಿಸಿ, ಹಸಿರು ಹಿಡಿಯುವುದನ್ನು ಕಾದಳು. ಮಗುವಿಗೆ ಹಲ್ಲು ಮೂಡಿತೇ ಎಂದು ನೋಡುವಂತೆ ದಿನಾ ಕಲ್ಲು ಸವರಿ ನೋಡಿದಳು. ಸೌತೆಕಾಯಿಯನ್ನು ಬಿಲ್ಲೆ ಮಾಡಿ, ಬೇಯಿಸಿ, ಮುಳುಗಲಿ ಎಂದು ಮುಳ್ಳುಚಮಚಕ್ಕೆ ಸಿಕ್ಕಿಸಿ ತೊಟ್ಟಿಗಿಟ್ಟಳು. ಲಾಂಡ್ರಿಯಿಂದ ಬಂದರೆ ತಾರಸಿ, ತಾರಸಿಯಿಂದ ತೊಟ್ಟಿ, ತೊಟ್ಟಿಯಿಂದ ಆಸ್ಪತ್ರೆ. ಮಲಗಿದರೆ ಬೆಳಗಾಗುವಷ್ಟರಲ್ಲಿ ಇನ್ನೊಂದು ತೇಲುತ್ತದೆಂಬ ದಿಗಿಲು. ನಾಲ್ಕನೆಯದು ಹೋಯಿತು. ಅವನು ಬಂದಾಗ ಒಂದಾದರೂ ಉಸಿರಾಡುತ್ತಿರಲಿ ಎಂಬುದಷ್ಟೇ ಅವಳ ಬೇಡಿಕೆಯಾಯಿತು.

ಕಲ್ಲು ಹಸಿರಾಯಿತು, ತೊಟ್ಟಿಗೆ ಇಳಿಸಿದಳು. ಉಳಿದೆರಡೂ ಅದಕ್ಕೆ ಅಂಟಿಕೊಂಡವು. ಹೊಟ್ಟೆ ಮೆಲ್ಲಗೆ ತುಂಬತೊಡಗಿತು.

ಅವನು ಮನೆಗೆ ಬಂದದ್ದು ಒಂದು ಬೆಳಿಗ್ಗೆ. ಮಗಳು ಅವನ ಗಾಲಿಕುರ್ಚಿಯನ್ನು ನೇರ ಕಿಟಕಿಯ ಹತ್ತಿರವೇ ತಳ್ಳಿ, ಔಷಧಿ ತರಲು ಹೊರಗೆ ಹೋದಳು. ಅವಳು ಗೋಡೆಗೆ ಆತು ನಿಂತಳು. ಅವನು ತೊಟ್ಟಿಯನ್ನು ನೋಡಿದ. ಒಂದು ಮೀನು ಕಂಡ, ಇನ್ನೊಂದು ಕಂಡ, ಕಲ್ಲಿನ ಹಿಂದೆ ಹುಡುಕಿದ, ಫಿಲ್ಟರಿನ ಮರೆಯಲ್ಲಿ ಹುಡುಕಿದ. ಆಮೇಲೆ ಮೆಲ್ಲಗೆ ಅವಳ ಕಡೆ ತಿರುಗಿದ. ಗುಳಿಬಿದ್ದ ಆ ಕೆಂಪು ಕಣ್ಣುಗಳನ್ನು, ಸೊರಗಿದ ಮುಖವನ್ನು ಬಹಳ ಹೊತ್ತು ನೋಡಿದ.

"ಪಾಚಿ" ಎಂದ.

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಅವನ ಕಾಲ ಬಳಿ ಕುಸಿದಳು. "ನಾನೇ ರೀ ಕೊಂದಿದ್ದು. ನೀವು ಪಾಚಿ ಅಂದ್ರಿ, ಉಜ್ಜು ಅಂತ ತಿಳ್ಕೊಂಡೆ. ನೀವು ಬೇಡ ಅಂತ ಹೇಳಿದ್ದು ನಂಗೆ ಗೊತ್ತಾಗ್ಲಿಲ್ಲ. ದಿನಾ ಸುಳ್ಳು ಹೇಳ್ದೆ."

ಅವನು ತಲೆಯನ್ನು ಜೋರಾಗಿ ಅಲ್ಲಾಡಿಸಿದ. ಈ ಸಲ ಅದು ಅಲ್ಲವೆಂದೇ, ಅನುಮಾನವಿಲ್ಲ. ಎಡಗೈಯಿಂದ ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿ, ತನ್ನನ್ನು ನೋಡುವಂತೆ ಮಾಡಿದ. ನಂತರ ಅದೇ ಅಂಗೈಯನ್ನು ತನ್ನ ಕೆನ್ನೆಯ ಕೆಳಗಿಟ್ಟು, ತಲೆ ವಾಲಿಸಿ, ಕಣ್ಣು ಮುಚ್ಚಿದ. ಹಟ ಮಾಡುವ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಪಾಚಿ ಮಾಡು ಕಂದಾ, ಪಾಚಿ ಮಾಡು ಎಂದು ತಟ್ಟುತ್ತಿದ್ದ ಕಾಲದಲ್ಲಿ ಮಾಡಿ ತೋರಿಸುತ್ತಿದ್ದಂತೆಯೇ. ಕಣ್ಣು ತೆರೆದು ಅವಳತ್ತ ಬೆರಳು ತೋರಿಸಿದ, ಹಾಸಿಗೆಯತ್ತ ತೋರಿಸಿದ.

"ಪಾಚಿ."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಸ್ಪತ್ರೆಯ ಸ್ಟೂಲು, ಉರಿಯುವ ಕಣ್ಣು, ಅವನ ತುಟಿ ಅಲುಗಿದ್ದು, ಎಲ್ಲಾ ಒಟ್ಟಿಗೆ ಎದುರು ಬಂದು ನಿಂತವು. ಸಾವಿನ ಬಾಯಿಂದ ತಿರುಗಿ ಬಂದವನ ಮೊದಲ ಮಾತು ಸವತಿಗೆ ಆಡಿದ್ದಾಗಿರಲಿಲ್ಲ. ಸ್ವಲ್ಪ ಮಲಗೇ ಎಂದಿದ್ದ, ಅಷ್ಟೇ. ಆಸೆಪಟ್ಟಿದ್ದ ಮಾತು ಅವಳಿಗೇ ಬಂದಿತ್ತು, ಅದರ ಸಂತೋಷವನ್ನು ಎಲ್ಲಿಡಬೇಕೆಂದು ಮಾತ್ರ ಈಗ ತಿಳಿಯಲಿಲ್ಲ. ಹೇಳಿದಂತೆ ಮಲಗಿದ್ದರೆ ಆ ನಾಲ್ಕೂ ಬದುಕಿರುತ್ತಿದ್ದವು.

"ಮಲಗ್ತೀನಿ ರೀ" ಎಂದಳು.

ಹಾಡುಹಗಲಲ್ಲಿ ಚಾಪೆ ಬಿಚ್ಚಿ ಅವನ ಗಾಲಿಕುರ್ಚಿಯ ಪಕ್ಕದಲ್ಲೇ ಮಲಗಿದಳು. ಅವನ ಎಡಗೈ ಕೆಳಗಿಳಿದು ಅವಳ ಭುಜವನ್ನು ತಟ್ಟತೊಡಗಿತು. ನಿದ್ದೆ ಬರಲಿಲ್ಲ. ಅವನಿಗೆ ಗೊತ್ತಾಗದಿರಲಿ ಎಂದು ಕಣ್ಣು ಮುಚ್ಚಿಕೊಂಡು, ಉಸಿರನ್ನು ನಿಧಾನವಾಗಿ ಬಿಡುತ್ತಾ ಮಲಗಿದ್ದಳು.