ಗಾಡಿ ಕೊಳ್ಳುವ ಮುನ್ನ ಮಾವನವರು ಕೇಳಿದ ಮಾತು

ನನ್ನ ಮಾವ ಶಂಭುಲಿಂಗಪ್ಪನವರು ಇಂದಿಗೂ ಸ್ಟೀರಿಂಗ್ ಮುಟ್ಟಿದವರಲ್ಲ. ಎತ್ತುಗಳನ್ನು ಮಾತ್ರ ಬಹಳ ಕೊಂಡಿದ್ದಾರೆ. ಕಲಘಟಗಿಯ ಸುತ್ತಮುತ್ತ ಯಾರು ಎತ್ತು ತರಲು ಹೊರಟರೂ ಮೊದಲು ನಮ್ಮ ಕಟ್ಟೆಗೆ ಬಂದು, ಚಹಾ ಕುಡಿದು, ಇವರನ್ನು ಎಬ್ಬಿಸಿಕೊಂಡೇ ಹೋಗುತ್ತಿದ್ದರಂತೆ. ಈಗ ಎಲ್ಲರ ಅಂಗಳದಲ್ಲೂ ಟ್ರ್ಯಾಕ್ಟರ್. ಅವರ ವಿದ್ಯೆಗೆ ಕೆಲಸವಿಲ್ಲದೆ ಬಹಳ ದಿನವಾಗಿತ್ತು. ಅದೆಲ್ಲ ಬಂದು ನನ್ನ ಕಾರಿನ ಮೇಲೆ ಬಿತ್ತು.

ನಾನು ಅಣ್ಣಿಗೇರಿಯ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಒಂದು ತಪ್ಪಿದರೆ ಇನ್ನೊಂದೂ ತಪ್ಪಿದಂತೆ. ಬೆಳಿಗ್ಗೆ ಹೊರಡುವಾಗ ಮಗಳು ಮಲಗಿರುತ್ತಿದ್ದಳು, ವಾಪಸು ಬರುವಷ್ಟರಲ್ಲಿ ಮತ್ತೆ ಮಲಗಿರುತ್ತಿದ್ದಳು. ಎರಡು ವರ್ಷವೂ ತುಂಬದ ಕೂಸು, ಕಣ್ಣು ಬಿಟ್ಟಿರುವಾಗ ನನಗೆ ಸಿಗುತ್ತಿದ್ದದ್ದು ರಜೆಯ ದಿನ ಮಾತ್ರ. ಒಂದು ರವಿವಾರ ನಾನು ಎತ್ತಿಕೊಳ್ಳಲು ಹೋದರೆ ಯಾರೋ ಪರಕೀಯರು ಬಂದಂತೆ ಅತ್ತುಬಿಟ್ಟಳು. ಅಂದೇ ಮನೆಯಲ್ಲಿ ಹೇಳಿದೆ: ಕಾರು ಬರಬೇಕು, ಇಲ್ಲವಾದರೆ ದಸರೆಗೆ ನೌಕರಿ ಬಿಡುತ್ತೇನೆ.

ನನ್ನ ಗಂಡ ಹೇಮಂತನಿಗೆ ಹೊಸ ಕಾರೇ ಆಗಬೇಕು. "ದಿನಾ ಅಷ್ಟ ದೂರ ಹೋಗೂ ಗಾಡಿ. ನಡುದಾರ್ಯಾಗ ಕೆಟ್ಟ ನಿಂತ್ರ ಏನ್ ಮಾಡ್ತಿ?" ಎಂದ. ಅವನ ಮಾತೂ ಸುಳ್ಳಲ್ಲ. ಆದರೆ ಅವನು ಮೆಚ್ಚಿದ ಕಾರು ಕೈಗೆ ಸಿಗುವುದು ದೀಪಾವಳಿ ಕಳೆದ ಮೇಲೆ. ನಾನೋ ಆಗಷ್ಟೇ ಡ್ರೈವಿಂಗ್ ಕಲಿತವಳು; ಹೊಸ ಬಣ್ಣಕ್ಕೆ ಗೀರು ಬೀಳುವುದನ್ನು ನೆನೆದೇ ಬೆವರುತ್ತಿದ್ದೆ. ಹಳೆಯದಾದರೂ ಸರಿ, ನಾಳೆಯೇ ಬರಲಿ ಎನ್ನುವುದು ನನ್ನ ಹಟ.

ಹುಬ್ಬಳ್ಳಿ ರಸ್ತೆಯ ನಿಯಾಜ್ ತನ್ನ ತಂದೆ ಹಸನಸಾಬರ ಕಾರು ಮಾರುತ್ತಾನೆಂದು ತಿಳಿಯಿತು. ಹಸನಸಾಬರು ತೀರಿಕೊಂಡು ವರ್ಷವಾಗಿತ್ತು, ಕಾರು ಸುಮ್ಮನೆ ನಿಂತಿತ್ತು. ಮೆಕ್ಯಾನಿಕ್ ನೋಡಿ ಇಂಜಿನ್ ಗಟ್ಟಿ ಇದೆ ಎಂದ. ನಾನು ಓಡಿಸಿ ನೋಡಿದೆ, ಬೆಣ್ಣೆಯಂತೆ ಹೋಯಿತು. ಮಾವನವರು ಮಾತ್ರ ಸುತ್ತಲೂ ಅಡ್ಡಾಡಿ, ಬಾನೆಟ್ಟಿನ ಮೇಲೆ ಕೈಯಾಡಿಸಿ, ಬಗ್ಗಿ ಕೆಳಗೆಲ್ಲ ಇಣುಕಿದರು.

"ಹಾಯೂ ಚಾಳಿ ಏನರ ಐತೇನೋ ತಮ್ಮಾ?" ಎಂದರು, ಕೊಂಬಿನಿಂದ ತಿವಿಯುವ ಎತ್ತಿನ ಬಗ್ಗೆ ವಿಚಾರಿಸುವಂತೆ.

"ಇಲ್ಲ ಕಾಕಾ, ಅಗದಿ ಸಾಧು ಐತ್ರಿ," ಎಂದು ನಿಯಾಜ್ ನಕ್ಕ.

ಚಹಾ ಬಂತು. ನನ್ನ ಬಸ್ಸಿನ ಪಾಡು, ಕೂಸಿನ ಅಳು ಎಲ್ಲವನ್ನೂ ಮಾವನವರೇ ಅವರಿಗೆ ಹೇಳಿದರು. ಇನ್ನು ವ್ಯವಹಾರ ಮುಗಿಯಿತು ಎಂದುಕೊಳ್ಳುವಾಗ ಬಾಗಿಲಲ್ಲಿ ನಿಂತಿದ್ದ ನಿಯಾಜನ ತಾಯಿ ಜಮಾಲಬಿಯತ್ತ ತಿರುಗಿದರು. ಎತ್ತು ಕೊಳ್ಳುವಾಗ ಅವರದೊಂದು ಪದ್ಧತಿಯಿತ್ತು. ಅದಕ್ಕೆ ಮೇವು ಹಾಕಿದ ಮನೆಯ ಹೆಣ್ಣುಮಗಳನ್ನು ಕೇಳದೆ ಹಗ್ಗಕ್ಕೆ ಕೈ ಹಾಕುತ್ತಿರಲಿಲ್ಲ.

"ತಂಗಿ, ಇದನ್ನ ಕೊಡಾಕ ನಿನಗ ಮನಸ ಐತೇನವ್ವಾ?"

"ನಂದೇನೈತ್ರಿ ಅಣ್ಣಾರ, ಮಗ ಹೇಳಿದಂಗ," ಎಂದರು ಆಕೆ. "ಅವರ ಬಾಜೂ ಕುಂತು ತವರಿಗೆ ಹೋಗ್ತಿದ್ದೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮಾವನವರು ಚಹಾದ ಕಪ್ಪು ಕೆಳಗಿಟ್ಟು ಎದ್ದರು. "ಹೆಣ್ಮಗಳು ಅತ್ತ ಕೊಟ್ಟದ್ದು ನಮಗ ಬ್ಯಾಡ. ನಡೀರಿ, ಮನಿಗೆ ಹೋಗೂಣು."

ನನ್ನ ಮೈ ಉರಿಯಿತು. ಜಮಾಲಬಿಯ ಕಣ್ಣೀರು ಕಂಡಿತು, ನನ್ನದು ಕಾಣಲಿಲ್ಲವೇ? ಅಂದಿನಿಂದ ಮಾವನವರಿಗೆ ರೊಟ್ಟಿ ಬಡಿಸಿದೆ, ಮಾತು ಬಡಿಸಲಿಲ್ಲ. ಅವರು ಪಾಪ, ತಲೆ ತಗ್ಗಿಸಿ ಉಂಡು ಏಳುತ್ತಿದ್ದರು. ಹೊಸ ಕಾರೇ ಸೈ ಎಂದಾಯಿತು. ಅದು ಬರುವವರೆಗೆ ತಡೆಯುವ ಶಕ್ತಿ ನನಗಿರಲಿಲ್ಲ. ರಜೆ ಹಾಕಿ, ಆಮೇಲೆ ನೌಕರಿಯ ಆಸೆಯನ್ನೇ ಬಿಡುವುದೆಂದು ಒಳಗೊಳಗೇ ತೀರ್ಮಾನಿಸಿದ್ದೆ.

ಬುಕ್ ಮಾಡಲೆಂದು ಹುಬ್ಬಳ್ಳಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲಿಗೆ ಅದೇ ಹಳೆಯ ಕಾರು ಬಂದು ನಿಂತಿತು. ನಿಯಾಜ್ ಓಡಿಸುತ್ತಿದ್ದ. ಪಕ್ಕದ ಸೀಟಿನಿಂದ ಜಮಾಲಬಿ ಇಳಿದರು. ತೊಳೆದ ಕಾರಿನಿಂದ ಇನ್ನೂ ನೀರು ಸೋರುತ್ತಿತ್ತು.

"ಅಣ್ಣಾರ, ಇವತ್ತ ಮಗನ್ನ ಕರ್ಕೊಂಡು ಇದರಾಗ ತವರಿಗೆ ಹೋಗಿ ಬಂದೆ," ಎಂದರು ಮಾವನವರಿಗೆ. "ಮಾರೂ ಮುಂದ ನಮ್ಮನ್ಯಾಗ ನನ್ನ ಯಾರೂ ಕೇಳಿದ್ದಿಲ್ಲ. ನೀವು ಕೇಳಿದ್ರಿ. ಈಗ ನಾ ಖುಷೀಲೆ ಕೊಡ್ತೀನಿ, ತಗೊಳ್ರಿ. ಕೂಸಿನ ತಾಯಿ ಲಗೂ ಮನಿ ಮುಟ್ಟಲಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನನ್ನನ್ನು ನೋಡಲು ಬಂದ ದಿನ ಹಿರಿಯರೆಲ್ಲ ಮಾತು ಮುಗಿಸಿ ಸಕ್ಕರೆ ಹಂಚಲು ಎದ್ದಾಗ, ಈ ಮಾವನವರೇ ಅಡುಗೆಮನೆಯ ಬಾಗಿಲಿಗೆ ಬಂದು "ತಂಗಿ, ನಿನಗ ಮನಸ ಐತೇನು?" ಎಂದು ಕೇಳಿದ್ದರು. ಅದುವರೆಗೆ ನನ್ನ ತವರಿನಲ್ಲೂ ಯಾರೂ ಕೇಳಿರಲಿಲ್ಲ. ಜಮಾಲಬಿಯ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದೆ. ಅಂದು ಊಟ ಮಾಡದೆ ಹೋಗಲು ಅವರನ್ನು ಬಿಡಲಿಲ್ಲ.

ಸೋಮವಾರ ಬ್ಯಾಂಕು ಮುಗಿಸಿ, ಹುಬ್ಬಳ್ಳಿಯ ಗದ್ದಲದಲ್ಲಿ ಜೀವ ಕೈಯಲ್ಲಿ ಹಿಡಿದು, ನಾನೇ ಓಡಿಸಿಕೊಂಡು ಬಂದೆ. ಮಾವನವರು ಕೂಸನ್ನು ಎತ್ತಿಕೊಂಡು ಕಟ್ಟೆಯ ಮೇಲೆ ನಿಂತಿದ್ದರು. ಹಾಲನ್ನ ಕಲಸಿ ತಂದು ಪಕ್ಕದಲ್ಲೇ ಕುಳಿತೆ. ಮಗಳು ಬಾಯಿ ತೆರೆದಳು.

"ಮಾವಾರ, ನಿಮ್ಮಿಂದ ಆತ್ರಿ," ಎಂದೆ.

"ಸಾವಕಾಶ ತಿನಸವ್ವಾ, ಕೂಸಿಗೆ ನಿದ್ದಿ ಬಂದಿಲ್ಲ," ಎಂದರು ಅವರು.