ನಿಂಬೆವ್ವನ ಹಸಿ ಪರಾತ

ಜೇವರ್ಗಿ ಕಡೆಯಿಂದ ನಿಂಬರ್ಗಾಕ್ಕೆ ಸೊಸೆಯಾಗಿ ಬಂದಾಗ ನಿಂಬೆವ್ವನ ಸೆರಗಿನ ತುದಿಯಲ್ಲಿ ಮೂರು ಗಂಟುಗಳಿದ್ದವು. ಬಂಗಾರವಿರಬಹುದೆಂದು ಅತ್ತೆ ಬಿಚ್ಚಿ ನೋಡಿದರೆ ಹಕ್ಕರಿಕೆ ಸೊಪ್ಪು, ಮೂಲಂಗಿ, ಗಜ್ಜರಿಯ ಬೀಜ! ಓಣಿಯೆಲ್ಲ ನಕ್ಕಿತು. ನಗುವವರು ನಗಲಿ ಎಂದು ನಿಂಬೆವ್ವ ಬಚ್ಚಲ ನೀರು ಹರಿಯುವಲ್ಲಿ ಕರಿಮಣ್ಣು ಕೆದರಿ ಪಾತಿ ಮಾಡಿದಳು. ಇಪ್ಪತ್ತು ವರ್ಷ ಕಳೆಯುವುದರಲ್ಲಿ, ನಕ್ಕವರ ಮನೆಯ ರೊಟ್ಟಿಗೂ ಅವಳ ಹಿತ್ತಲಿನ ಸೊಪ್ಪೇ ಬೇಕಾಯಿತು.

ಆ ಹಿತ್ತಲು ಈಗ ಮಗಳು ಸಕ್ಕುಬಾಯಿಯದು. ಹುಡುಗಿಗೆ ಹದಿನೆಂಟು ತುಂಬಿತ್ತು, ಎರಡು ಸಂಬಂಧ ಬಂದು ಹೋಗಿದ್ದವು. ಎರಡನೆಯವರಂತೂ ಅವಳ ಅಂಗೈ ಮುಟ್ಟಿ ನೋಡಿ, "ಇದು ಹುಡುಗಿ ಕೈಯೋ, ಕಸ ತಗಿಯೋ ಕುರ್ಪಿ ಹಿಡಿಕಿಯೋ?" ಎಂದು ಎದ್ದು ನಡೆದಿದ್ದರು. ಆ ಮಾತು ನಿಂಬೆವ್ವನ ಎದೆಯಲ್ಲಿ ಜಾಲಿಮುಳ್ಳಿನಂತೆ ಮುರಿದು ಉಳಿದಿತ್ತು. ಮೂರನೆಯದೂ ತಪ್ಪಿದರೆ ಓಣಿಯ ಬಾಯಿಗೆ ಮುಚ್ಚಳ ಹಾಕುವವರಾರು?

ದೊಡ್ಡ ಯುದ್ಧದ ದಿನಗಳು, ಚಳಿಗಾಲ. ಚೌಡಾಪುರದಿಂದ ಹುಡುಗನ ತಾಯಿ ಹಣಮವ್ವ ತನ್ನ ತಮ್ಮ ಸೈದಪ್ಪನೊಡನೆ ಗಾಡಿ ಕಟ್ಟಿಸಿಕೊಂಡು ಬಂದಿಳಿದಳು. ನಿಂಬೆವ್ವನ ಗಂಡ ಮಾಳಿಂಗಪ್ಪ ಅವರನ್ನು ಪಡಸಾಲೆಯಲ್ಲಿ ಕೂರಿಸಿದ. ನಿಂಬೆವ್ವ ಒಲೆಗೆ ಕಟ್ಟಿಗೆ ಹಾಕುವಷ್ಟರಲ್ಲಿ ಹಣಮವ್ವನ ದನಿ ಬಂತು.

"ತ್ರಾಸ ತಗೋಬ್ಯಾಡ್ರಿ. ನಮ್ಮ ಮನಿ ರಿವಾಜು ಒಂದದ. ಮಾತು ಕೂಡೋತನಕ ಹೆಣ್ಣಿನ ಮನ್ಯಾಗ ಒಲಿ ಕಂಡದ್ದು ನಾವು ಮುಟ್ಟಂಗಿಲ್ಲ."

"ಕೋಳಿ ಕೂಗೋದರಾಗ ಹೊಂಟೇವಿ, ಅಕ್ಕಾ," ಸೈದಪ್ಪ ಗೊಣಗಿದ. "ರಿವಾಜಿಗೆ ಹೊಟ್ಟಿ ಇಲ್ಲ, ನನಗದ."

"ಸುಮ್ನ ಕೂಡು ಲೇ."

ಹಸಿದ ಕಣ್ಣಿಗೆ ಯಾವ ಹೆಣ್ಣೂ ಚೆಲುವೆಯಾಗಿ ಕಾಣಳು. ನಿಂಬೆವ್ವ ಒಲೆಯ ಮುಂದೆ ಬಗ್ಗಿದಳು. ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು.

"ಸಕ್ಕೂ, ಬುಟ್ಟಿ ತಗೋ ಬೇ. ಒಲಿ ಬ್ಯಾಡಂದ್ರ ಏನಾತು, ಹಿತ್ತಲ ಅದಲ್ಲ!"

ಇಬ್ಬನಿ ಆರದ ಪಾತಿಯಿಂದ ಗಜ್ಜರಿ, ಮೂಲಂಗಿ, ಎಳೆ ಸೌತೆ, ಹಕ್ಕರಿಕೆ, ಉಳ್ಳಾಗಡ್ಡಿಯ ತಪ್ಪಲು ಬಂದವು. ಬೀಜ ಬಲಿಯದ ಪುಟ್ಟ ಬದನೆಯೂ ನಾಲ್ಕು ಬಂದವು. ಸಕ್ಕುಬಾಯಿ ಎರಡು ನೀರಿನಲ್ಲಿ ತೊಳೆದು, ಗಜ್ಜರಿಯನ್ನು ಬೆರಳುದ್ದ ಸೀಳಿ, ಸೌತೆಯನ್ನು ಬಿಲ್ಲೆ ಮಾಡಿ, ಹಿತ್ತಾಳೆಯ ದೊಡ್ಡ ಪರಾತದ ಅಂಚಿಗೆ ಸುತ್ತಲೂ ಜೋಡಿಸಿದಳು. ನಡುವೆ ಒಂದು ಬಟ್ಟಲಿಗೆ ಜಾಗ ಬಿಟ್ಟಳು.

ಎಮ್ಮೆಯ ಕೆನೆಮೊಸರು ರಾತ್ರಿಯಿಂದ ಬಿಳಿ ಅರಿವೆಯಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ನೀರಿಳಿದು ಬೆಣ್ಣೆಯಂತಾಗಿದ್ದ ಅದನ್ನು ನಿಂಬೆವ್ವ ಬಟ್ಟಲಿಗೆ ತೆಗೆದು, ರೂಢಿಯಂತೆ ಗುರೆಳ್ಳು ಹಿಂಡಿಯ ಚಟ್ನಿಪುಡಿ ಡಬ್ಬಿಗೆ ಕೈ ಹಾಕಿದಳು. ಹಿಡಿ ತುಂಬ ಎತ್ತಿಯೂ ಆಗಿತ್ತು.

ಸಕ್ಕುಬಾಯಿ ಆ ಕೈಯನ್ನು ಗಪ್ಪನೆ ಹಿಡಿದಳು. "ಯವ್ವಾ, ಗುರೆಳ್ಳು ಹುರಿದದ್ದು! ಒಲಿ ಕಂಡದ!"

ನಿಂಬೆವ್ವ ಹಿಡಿಯನ್ನು ಡಬ್ಬಿಗೇ ಸುರಿದಳು. ಮಗಳು ಆಗಲೇ ಒರಳಿನ ಮುಂದೆ ಕುಳಿತಿದ್ದಳು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ, ಹರಳುಪ್ಪು ಹಾಕಿ ನುಣ್ಣಗೆ ಅರೆದು ಮೊಸರಿಗೆ ಕಲಸಿದಳು. ಬಟ್ಟಲು ಎಳೆ ಹಸಿರಾಯಿತು.

ಪರಾತ ಪಡಸಾಲೆಗೆ ಬಂದಾಗ ಸೈದಪ್ಪನಿಗೆ ಕುಚೋದ್ಯ ಬಂತು. "ಮೊಸರಾದ್ರೂ ಕಾಸಿದ ಹಾಲಿಂದಽ ಅಲ್ಲೇನು, ಅಕ್ಕಾ?"

"ಹಾಲಿಗ್ಯಾವ ರಿವಾಜು ಲೇ? ಇವತ್ತ ಹುಟ್ಟಿದ ಕೂಸೂ ಕುಡಿತದ," ಎಂದು ಹಣಮವ್ವ ಗಜ್ಜರಿಯೊಂದನ್ನು ಮೊಸರಲ್ಲಿ ಅದ್ದಿ ಕಚ್ಚಿದಳು. ಆಮೇಲೆ ಪಡಸಾಲೆಯ ತುಂಬ ಕಟಂ ಕುಟುಂ ಸಪ್ಪಳ. ಬದನೆಕಾಯಿಗೆ ಸೈದಪ್ಪ ಕೈ ನೀಡಿದರೆ ಅಕ್ಕನ ಕೈ ಅಲ್ಲಿ ಮೊದಲೇ ಇತ್ತು.

"ಹಿಂಡಿ ಯಾಕ ಕಲಸಿಲ್ರಿ?" ಹಣಮವ್ವ ಕೇಳಿದಳು.

"ನಾ ಕಲಸಾಕ ಹೊಂಟಿದ್ದೆರಿ. ಹುರಿದದ್ದು ನಿಮಗ ನಡಿಯಂಗಿಲ್ಲಂತ ನನ್ನ ಮಗಳು ಕೈ ಹಿಡದಳು." ನಿಂಬೆವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಇದನ್ನೆಲ್ಲ ಬೆಳದಾಕೀನೂ ಆಕೀನರಿ."

"ಹೌದೇನು? ಬಾ ಬೇ, ಕೈ ತೋರಸು."

ಮತ್ತೆ ಅದೇ ಕೈಯ ಮಾತು! ನಿಂಬೆವ್ವ ಮಗಳನ್ನು ತಡೆಯಲು ಕೈ ಎತ್ತಿದಳು. ಸಕ್ಕುಬಾಯಿ ಮಾತ್ರ ಹಿಂಜರಿಯದೆ ಎರಡೂ ಅಂಗೈ ಚಾಚಿದಳು. ಗೆರೆಗಳಲ್ಲಿ ಮಣ್ಣು ಇನ್ನೂ ಇತ್ತು. ಹಣಮವ್ವ ಅವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು, ಬೀಜದ ಜೋಳ ನೋಡುವ ಹಾಗೆ.

"ನಮ್ಮ ಬಾವಿ ನೀರು ಸುಮ್ನ ಹರದು ಹೊಂಟದ. ಇಂಥಾ ಕೈ ಇಲ್ಲದಕ್ಕಽ," ಎಂದಳು. ಆಮೇಲೆ ನಿಂಬೆವ್ವನ ಕಡೆ ತಿರುಗಿ, "ಬೀಗ್ತಿ, ಒಲಿ ಹಚ್ಚವಾ. ಬಿಸಿ ರೊಟ್ಟಿ ಬೇಕು ನಮಗ."

ಬೀಗ್ತಿ ಎಂದ ಮಾತನ್ನೇ ನಿಂಬೆವ್ವ ಬಾಯೊಳಗೆ ಇನ್ನೊಮ್ಮೆ ಅಂದುಕೊಂಡಳು.

"ನನಗ ಆರು ಬೇಕ್ರಿ!" ಸೈದಪ್ಪ ಕೂಗಿದ ಮೇಲೆಯೇ ಅವಳ ಕಾಲು ಕದಲಿದ್ದು.

ಅಂದು ಜೋಳದ ರೊಟ್ಟಿ ಬಡಿಯುವ ಸಪ್ಪಳ ಓಣಿಯ ಕೊನೆಯ ಮನೆಗೂ ಕೇಳಿತು. ಕೇಳಲೆಂದೇ ನಿಂಬೆವ್ವ ಬಡಿಯುತ್ತಿದ್ದಳು.